ಹಳೇ ಕಾರಿಗೊಬ್ಬಳು ಬಾಡಿಗೆ ಸೋದರತ್ತೆ

ಹಳೇ ಕಾರು ಕೊಳ್ಳುವವರು ಜೊತೆಗೊಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗುತ್ತಾರೆ. ಅದು ದಂಡ. ಮಾರುವವನು ಮೆಕ್ಯಾನಿಕ್ಕನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದು, ಎರಡು ಮಾತಾಡಿ, ಅವನ ಬಾಯಿ ಮುಚ್ಚಿಸಿ ಕಳಿಸುತ್ತಾನೆ. ಆದರೆ ಕೊಳ್ಳುವವನ ಸೋದರತ್ತೆಯ ಹೆಗಲ ಮೇಲೆ ಕೈಹಾಕುವ ಗಂಡಸು ಇನ್ನೂ ಹುಟ್ಟಿಲ್ಲ. ಈ ಸತ್ಯವನ್ನು ಮೊದಲು ಕಂಡುಕೊಂಡವಳು ಸೀಟ್ ಕವರ್ ಹೊಲಿಯುವ ಒಬ್ಬ ಹೆಂಗಸು. ಹಳೇ ಕಾರು ಮಾರುವವರ ಯಾರ್ಡುಗಳೇ ಸಾಲಾಗಿರುವ ಬೀದಿಯ ಕೊನೆಯಲ್ಲಿ ಅವಳ ಅಂಗಡಿ. ಒಂದು ದಪ್ಪ ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು, ಬಾಗಿಲಲ್ಲಿ ಯಾವುದೋ ಕಾರಿನಿಂದ ಕಿತ್ತಿಟ್ಟ ಹಿಂದಿನ ಸೀಟು. ಗಿರಾಕಿಗಳು ಅದರ ಮೇಲೆಯೇ ಕೂತು ಕಾಯಬೇಕು.

ಕರೆದವರ ಜೊತೆ ಅವಳು ಅತ್ತೆಯಾಗಿ ಹೋಗುತ್ತಾಳೆ. ಸೆರಗು ಸಿಕ್ಕಿಸಿಕೊಂಡು, ಕಾರಿನ ಗಂಧಗಾಳಿಯೂ ಗೊತ್ತಿಲ್ಲದವಳಂತೆ ಮುಖ ಮಾಡಿ, "ಅಯ್ಯೋ, ಒಳಗೆ ಎಷ್ಟು ತಂಪಾಗಿದೆ!" ಎನ್ನುತ್ತಾ ಸೀಟಿನ ಮೇಲೆ ಕೂರುತ್ತಾಳೆ. ಕೂತವಳ ಕೈ ಸುಮ್ಮನಿರುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯುತ್ತಾಳೆ. ನೆರೆ ನೀರಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದಿದ್ದರೂ ಬೆಲ್ಟಿನ ಬುಡದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿಗೆ ಬೆರಳು ತಾಗಿಸಿ ತುಕ್ಕು ನೋಡುತ್ತಾಳೆ. ಮೀಟರಿನಲ್ಲಿ ಕಾರು ಇನ್ನೂ ಹಾಲುಗಲ್ಲದ ಕೂಸು, ಆದರೆ ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದೆ ಎಂದರೆ ಮೀಟರು ಹಿಂದಕ್ಕೆ ತಿರುಗಿದೆ ಎಂದೇ ಲೆಕ್ಕ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹತ್ತಿ ತಾನಾಗಿ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ಕಿತ್ತುಹಾಕಿದ್ದಾರೆ. ಗೇರ್ ಬದಲಾಗುವಾಗ ಗಾಡಿ ಬಿಕ್ಕಳಿಸಿದರೆ, "ಪಾಪ, ಇದನ್ನ ಯಾರೋ ನೆನೆಸಿಕೊಳ್ತಿದ್ದಾರೆ" ಎನ್ನುತ್ತಾಳೆ.

ಇಷ್ಟೆಲ್ಲ ನೋಡಿಯೂ ಅವಳು ತಕ್ಷಣ ಹೇಳುವುದಿಲ್ಲ. ಮಾತು ಕುದುರಿ, ಮುಂಗಡಕ್ಕೆ ಯಜಮಾನ ಕೈ ಚಾಚಿದಾಗ ಹೇಳುತ್ತಾಳೆ. ಆ ಚಾಚಿದ ಕೈ ಖಾಲಿಯಾಗಿ ಹಿಂದಕ್ಕೆ ಹೋಗುವುದನ್ನು ನೋಡುವುದು ಅವಳಿಗೆ ಊಟಕ್ಕಿಂತ ಇಷ್ಟ. ಅದರಲ್ಲೂ ಆ ಕೈ ಪಾಲಿಶನದಾಗಿದ್ದರೆ ಇನ್ನೂ ಇಷ್ಟ.

ಪಾಲಿಶ್ ಎಂದರೆ ಆ ಬೀದಿಯ ದೊಡ್ಡ ಯಾರ್ಡಿನ ಯಜಮಾನ. ಮೇಲೆ ಥಳಕು ಒಳಗೆ ಹುಳುಕು ಎನ್ನುವುದಕ್ಕೆ ಕೈಕಾಲು ಬಂದರೆ ಅವನಂತಿರುತ್ತದೆ. ಅವನ ಕಾರುಗಳಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು. ಅವನ ಬಾಯಿ ಅದಕ್ಕಿಂತ ನುಣುಪು. ಬೀದಿಗೆ ಯಾವ ಸುದ್ದಿ ಬಂದರೂ ಅದು ತನಗೆ ಮೊದಲೇ ತಿಳಿದಿತ್ತು ಎನ್ನದಿದ್ದರೆ ಅವನಿಗೆ ಅನ್ನ ಅರಗುವುದಿಲ್ಲ.

ಅತ್ತೆಯ ಗಂಡ ಬಸ್ ಡ್ರೈವರ್ ಆಗಿದ್ದ. ದಿನವಿಡೀ ಊರವರನ್ನು ಹೊತ್ತು ತಿರುಗಿದವನಿಗೆ ರಜೆಯ ದಿನ ಹೆಂಡತಿಯನ್ನು ಕೂರಿಸಿಕೊಂಡು ಸ್ವಂತ ಕಾರು ಓಡಿಸಬೇಕೆಂಬ ಆಸೆ. ಪಾಲಿಶನ ಯಾರ್ಡಿನಿಂದ ಮಧ್ಯಮ ಗಾತ್ರದ ಒಂದು ಬೂದು ಬಣ್ಣದ ಸೆಡಾನ್ ತಂದ. ಎಂಜಿನ್ ಚೆನ್ನಾಗಿತ್ತು, ಗೇರೂ ಚೆನ್ನಾಗಿತ್ತು. ಕೆಟ್ಟಿದ್ದದ್ದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿತ್ತು. ಸ್ಟೇರಿಂಗಿನ ಒಳಗೆ ಏರ್‌ಬ್ಯಾಗನ್ನು ಊದಿಸುವ ಲೋಹದ ಡಬ್ಬಿಯೊಂದಿರುತ್ತದೆ. ಆ ಮಾಡೆಲ್ಲಿನಲ್ಲಿ ಅದು ಹಳತಾದರೆ ಸಿಡಿದು ಚೂರಾಗುತ್ತದೆ ಎಂದು ತಿಳಿದ ಕಂಪನಿ, ಎಲ್ಲ ಕಾರುಗಳನ್ನೂ ವಾಪಸ್ ತನ್ನಿ, ಬಿಟ್ಟಿಯಾಗಿ ಬದಲಾಯಿಸಿ ಕೊಡುತ್ತೇವೆ ಎಂದು ಸಾರಿತ್ತು. ಇದಕ್ಕೆ ರೀಕಾಲ್ ಎನ್ನುತ್ತಾರೆ. ಡ್ರೈವರನಿಗೆ ಅದು ತಿಳಿದಿರಲಿಲ್ಲ. ಒಂದು ದಿನ ಮುಂದಿನ ಲಾರಿ ತಟ್ಟನೆ ನಿಂತಿತು, ಕಾರು ಮೆಲ್ಲಗೆ ಅದಕ್ಕೆ ತಾಗಿತು. ಬಂಪರು ಬಿರುಕು ಬಿಟ್ಟಿತು, ಅಷ್ಟೇ. ಆದರೆ ಮುಖಕ್ಕೆ ಮೆತ್ತೆಯಾಗಿ ಬರಬೇಕಾಗಿದ್ದ ಏರ್‌ಬ್ಯಾಗು ಲೋಹದ ಚೂರಾಗಿ ಬಂದು ಅವನ ಬಲಗಣ್ಣನ್ನು ತೆಗೆದುಕೊಂಡು ಹೋಯಿತು. ಒಂಟಿಗಣ್ಣಿನವನ ಕೈಗೆ ಬಸ್ಸು ಯಾರು ಕೊಡುತ್ತಾರೆ? ಈಗ ಅವನು ಡಿಪೋದಲ್ಲಿ ಒಳಗೆ ಬರುವ ಬಸ್ಸುಗಳಿಗೆ ಗೇಟು ತೆರೆಯುತ್ತಾನೆ.

ಸರ್ವಿಸ್ ಸೆಂಟರಿನವನೊಬ್ಬ ಮರುಕದಿಂದ ಹೇಳಿದ: "ನಾವು ಆ ಯಾರ್ಡಿಗೆ ಫೋನ್ ಮಾಡಿದ್ವಿ ಅಮ್ಮಾ. ಮಾರೋದಕ್ಕೆ ಮುಂಚೆ ತನ್ನಿ ಅಂದಿದ್ವಿ. ಪಾರ್ಟ್ ಬರೋಕೆ ಎಷ್ಟು ದಿನ ಕಾಯ್ಬೇಕು ಅಂತ ಕೇಳಿ ಫೋನ್ ಇಟ್ರು." ಅವಳು ನೇರ ಪಾಲಿಶನ ಎದುರು ಹೋಗಿ ನಿಂತಳು. ಅವನು ಕಾರಿನ ಬಾನೆಟ್ ಒರೆಸುತ್ತಲೇ, "ನನಗೆ ಹೇಗಮ್ಮಾ ಗೊತ್ತಾಗ್ಬೇಕು? ದೇವರಾಣೆ, ನನಗೆ ಗೊತ್ತಿರ್ಲಿಲ್ಲ. ಅವರ ಹಣೆಬರಹ" ಎಂದು ಕೈ ತೊಳೆದುಕೊಂಡ. ಫೋನಿನ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ಅವತ್ತಿನಿಂದ ಅವಳಿಗೆ ಬೇಕಾಗಿದ್ದು ಒಂದೇ ಮಾತು. ಗೊತ್ತಿತ್ತು ಎಂಬ ಮಾತು, ಅವನ ಬಾಯಿಂದಲೇ. ಅದು ಬರುವ ತನಕ ಅವನ ಅನ್ನಕ್ಕೆ ಕಲ್ಲು ಹಾಕುತ್ತಲೇ ಇರುವುದೆಂದು ತೀರ್ಮಾನಿಸಿ ಅವಳು ಊರಿಗೆಲ್ಲ ಅತ್ತೆಯಾದಳು. ಯಾರ್ಡಿನವರು ಗುರುತು ಹಿಡಿದರೂ ಗಿರಾಕಿಯ ಎದುರೇ ಅವನ ಅತ್ತೆಯನ್ನು ಹೊರಗೆ ಹಾಕುವಂತಿರಲಿಲ್ಲ. ಗಂಡ ಮಾತ್ರ ದಿನವೂ, "ಬಿಟ್ಟಾಕೇ. ಹೋದ ಕಣ್ಣು ಬರುತ್ತಾ? ಸುಮ್ನೆ ಯಾಕೆ ನಿನ್ನ ಹೊಟ್ಟೆ ಸುಟ್ಕೊಳ್ತೀಯ" ಎನ್ನುತ್ತಿದ್ದ. ಅವನ ಈ ಒಳ್ಳೆಯತನ ಅವಳಿಗೆ ಪಾಲಿಶನ ಕಳ್ಳತನಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತಿತ್ತು.

ಒಂದು ಮಧ್ಯಾಹ್ನ ನರ್ಸಿನ ಬಿಳಿ ಬಟ್ಟೆಯಲ್ಲಿದ್ದ ಯುವತಿಯೊಬ್ಬಳು ಅಂಗಡಿಗೆ ಬಂದು ಆ ಕಿತ್ತಿಟ್ಟ ಸೀಟಿನ ತುದಿಯಲ್ಲಿ ಕೂತಳು.

"ಆಸ್ಪತ್ರೆಯಲ್ಲಿ ನಿಮ್ಮ ವಿಷಯ ಹೇಳಿದ್ರು. ನನ್ನ ಜೊತೆ ಒಂದು ಕಾರು ನೋಡೋಕೆ ಅತ್ತೆ ಅಂತ ಬರ್ತೀರಾ?"

"ಬರ್ತೀನಿ ಮಗಳೇ. ಯಾವ ಯಾರ್ಡು?"

ಯುವತಿ ನೆಲ ನೋಡಿದಳು. "ನಮ್ಮಪ್ಪಂದೇ. ಆ ದೊಡ್ಡ ಯಾರ್ಡು. ಕಾರು ನನಗೆ ಅಂತಲೇ ಇಟ್ಟಿದ್ದಾರೆ. ಆದ್ರೆ... ಮನೇಲಿ ಊಟಕ್ಕೆ ಕೂತಾಗ ಅವರು ಯಾರ್ಯಾರಿಗೆ ಹೇಗೆ ಟೋಪಿ ಹಾಕಿದೆ ಅಂತ ಹೇಳಿ ನಗೋದನ್ನ ಕೇಳ್ಕೊಂಡೇ ಬೆಳೆದೋಳು ನಾನು."

ಅತ್ತೆಯ ಕಾಲು ಯಂತ್ರದ ಪೆಡಲಿನ ಮೇಲೆಯೇ ನಿಂತಿತು. ದೇವರು ಕೊಟ್ಟರೆ ಹೀಗೆ ತಟ್ಟೆಯಲ್ಲಿಟ್ಟೇ ಕೊಡುತ್ತಾನೆ. "ಅದೇನೋ ಸರಿ," ಎಂದಳು, "ಆದ್ರೆ ನಿನಗೆ ಸೋದರತ್ತೆ ಅಂದ್ರೆ ನಾನು ನಿಮ್ಮಪ್ಪನ ತಂಗಿ ಆಗ್ಬೇಕಲ್ಲ? ಆಗ್ಲಿ ಬಿಡು. ಒಡಹುಟ್ಟಿದೋರ ಹಾಗೇ ಹಗೆ ಇದೆ."

ಯುವತಿ ಕಳಿಸಿದ ಷಾಸಿ ನಂಬರನ್ನು ಅತ್ತೆ ಸರ್ವಿಸ್ ಸೆಂಟರಿಗೆ ಫೋನಿನಲ್ಲಿ ಹೇಳಿದಳು. ಅದೇ ಮಾಡೆಲ್ಲು, ಬಣ್ಣ ಮಾತ್ರ ಬಿಳಿ. ಅಲ್ಲಿಂದ ಬಂದ ಉತ್ತರ ಅವಳ ಎದೆಗೆ ಬೆಂಕಿಯಿಟ್ಟಿತು. ರೀಕಾಲ್ ಕೆಲಸ ಆಗಿದೆಯಂತೆ, ಏರ್‌ಬ್ಯಾಗು ಹೊಸದಂತೆ. "ಪಾರ್ಟ್ ತಡ ಆಯ್ತು ಅಂತ ಯಜಮಾನ್ರು ದಿನಾ ಬಂದು ಕೂತಿರ್ತಿದ್ರು" ಎಂದಿತು ಆ ಕಡೆಯ ದನಿ. ದಿನಾ ಬಂದು ಕೂತಿರುತ್ತಿದ್ದನಂತೆ! ಕಾಯುವುದು ಬರದ ಮನುಷ್ಯನೇನಲ್ಲ. ಮಗಳ ಕಣ್ಣಿಗೆ ಕಾಯಬಲ್ಲ, ಡ್ರೈವರನ ಕಣ್ಣಿಗೆ ಮಾತ್ರ ಪುರುಸೊತ್ತಿರಲಿಲ್ಲ. ಆ ದಿನ ಅವಳು ಹೊಲಿದ ಸೀಟ್ ಕವರು ಸೊಟ್ಟಗಾಗಿ, ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಮಾರನೆಯ ದಿನ ಮಗಳ ಪಕ್ಕದಲ್ಲಿ ಅತ್ತೆ ಬರುತ್ತಿರುವುದನ್ನು ಕಂಡು ಪಾಲಿಶನ ಮುಖದ ಹೊಳಪು ಅರ್ಧ ಇಳಿಯಿತು.

"ಇವಳನ್ನ ಯಾಕಮ್ಮ ಕರ್ಕೊಂಡು ಬಂದೆ? ಇವಳು ಯಾರು ಗೊತ್ತಾ?"

"ನಿಮ್ಮ ತಂಗಿ ಅಣ್ಣಾ," ಎಂದಳು ಅತ್ತೆ. "ಗುರುತು ಸಿಗ್ಲಿಲ್ವಾ?"

ಬೀದಿಯ ಇಬ್ಬರು ಮೂವರು ಗೇಟಿನಲ್ಲಿ ಸೇರಿ ಹಲ್ಲು ಕಿರಿದರು. ಅತ್ತೆ ಬಿಳಿ ಕಾರನ್ನು ಹೊಕ್ಕಳು. ಬೆಲ್ಟು ಎಳೆದಳು, ಶುಭ್ರ. ಕಂಬಿ ಮುಟ್ಟಿದಳು, ತುಕ್ಕಿಲ್ಲ. ಪೆಡಲು, ಎಣ್ಣೆ, ಟೈರು, ಗೇರು, ದೀಪ, ಎಲ್ಲವೂ ಸರಿ. ಬೆಣ್ಣೆಯಲ್ಲಿ ಕಲ್ಲು ಹುಡುಕಿದಂತಾಯಿತು. ಪಾಲಿಶ್ ತನ್ನ ಜೀವಮಾನದಲ್ಲಿ ಸಿದ್ಧ ಮಾಡಿದ ಒಂದೇ ಒಂದು ಪ್ರಾಮಾಣಿಕ ಕಾರು ಅದು. ಅವನಿಗೂ ಅದು ಗೊತ್ತಿತ್ತು. ಎದೆಯುಬ್ಬಿಸಿ ನಿಂತಿದ್ದ.

"ಏನಮ್ಮಾ? ಸಿಕ್ತಾ ತಪ್ಪು?"

ಕೆಟ್ಟದಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು, ಮಗಳು ನಂಬುತ್ತಿದ್ದಳು. ಅತ್ತೆಯ ನಾಲಿಗೆಯ ತುದಿಯ ತನಕ ಬಂತು. ಆದರೆ ಸುಳ್ಳಿನಿಂದ ಗೆದ್ದರೆ ಆ ಒಂದು ಮಾತು ಅವನ ಹೊಟ್ಟೆಯಲ್ಲೇ ಉಳಿಯುತ್ತದೆ. ಅವಳು ಕಾರಿನಿಂದ ಇಳಿದು ಸೆರಗು ಸರಿಮಾಡಿಕೊಂಡು ಮಗಳ ಕಡೆ ತಿರುಗಿದಳು.

"ಕಣ್ಣಿಗೆ ಕಾಣೋದೆಲ್ಲ ಚೆನ್ನಾಗಿದೆ ಮಗಳೇ. ಕಾಣದೇ ಇರೋದು ಒಂದಿದೆ. ಈ ಮಾಡೆಲ್ಲಿನ ಹಳೇ ಏರ್‌ಬ್ಯಾಗು ಸಿಡಿದೇ ನನ್ನ ಗಂಡನ ಕಣ್ಣು ಹೋಗಿದ್ದು. ಆ ಗಾಡಿ ಮಾರಿದ್ದು ನಿಮ್ಮಪ್ಪ. ಅಂಥದ್ದೊಂದು ತೊಂದರೆ ಇರೋದೇ ಗೊತ್ತಿಲ್ಲ ಅಂತ ದೇವರಾಣೆ ಇಟ್ರು. ಪಾಪ, ಅವರಿಗೆ ಇಂಥದ್ದೆಲ್ಲ ತಿಳಿಯಲ್ಲ. ತಿಳಿಯದೋರನ್ನ ನಂಬ್ಕೊಂಡು ನೀನು ಆ ಸ್ಟೇರಿಂಗ್ ಮುಂದೆ ಹೇಗೆ ಕೂರ್ತೀಯ?"

ಮಗಳ ಮುಖ ಬಿಳಿಚಿಕೊಂಡಿತು. ಅವಳು ಕಾರಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಗೇಟಿನಲ್ಲಿ ಯಾರೋ, "ಪಾಲಿಶಣ್ಣಂಗೆ ಗೊತ್ತಿರೋದು ಬಟ್ಟೆ, ಬಕೀಟು ಎರಡೇ" ಎಂದರು.

ಅಲ್ಲಿಗೆ ಪಾಲಿಶನಿಗೆ ತಡೆಯಲಾಗಲಿಲ್ಲ. ಏನೂ ತಿಳಿಯದವನು ಎನಿಸಿಕೊಳ್ಳುವುದನ್ನು ಅವನು ಎಂದೂ ಸಹಿಸಿದವನಲ್ಲ. ಅದೂ ಮಗಳ ಎದುರು, ಬೀದಿಯ ಎದುರು.

"ಯಾರಿಗೆ ಗೊತ್ತಿಲ್ಲ?" ಎಂದು ಕಿರುಚಿದ. "ಆ ಏರ್‌ಬ್ಯಾಗಿನ ವಿಷಯ ಈ ಬೀದೀಲಿ ಮೊದಲು ಗೊತ್ತಾಗಿದ್ದೇ ನನಗೆ! ನಿಮಗೆ ಯಾರಿಗೂ ಗೊತ್ತಿಲ್ಲದೇ ಇದ್ದಾಗ್ಲೇ, ಆ ಬೂದು ಗಾಡಿ ಇಲ್ಲಿ ನಿಂತಿದ್ದಾಗ್ಲೇ ಸರ್ವಿಸ್ ಸೆಂಟರಿನವರು ನನಗೆ ಫೋನ್ ಮಾಡಿ ಹೇಳಿದ್ರು! ಅದಕ್ಕೇ ಅಲ್ವಾ ಮಗಳೇ, ನಿನ್ನ ಗಾಡೀದನ್ನ ನಾನೇ ಖುದ್ದು ನಿಂತು..."

ಬಾಯಿ ತೆರೆದಂತೆಯೇ ನಿಂತಿತು. ಗೇಟಿನಲ್ಲಿದ್ದವರ ನಗು ಆರಿತು.

"ಬೂದು ಗಾಡಿ ಅಂದ್ರೆ ಇವರ ಗಂಡಂದಾ ಅಪ್ಪಾ?" ಮಗಳು ಮೆಲ್ಲಗೆ ಕೇಳಿದಳು. "ಗೊತ್ತಿತ್ತಾ ನಿಮಗೆ?"

ಪಾಲಿಶ್ ಬೀದಿಯ ಕಡೆ ನೋಡಿದ, ಅತ್ತೆಯ ಕಡೆ ನೋಡಿದ. ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು.

"ಹೇಳಿ ಅಪ್ಪಾ."

"ಗೊತ್ತಿತ್ತು," ಎಂದ. "ಗಿರಾಕಿ ಅವಸರ ಮಾಡ್ತಿದ್ದ. ಪಾರ್ಟ್ ಬರೋಕೆ ತಡ ಆಗ್ತಿತ್ತು. ಏನೂ ಆಗಲ್ಲ ಅಂದ್ಕೊಂಡೆ."

ಮಗಳು ಕೈಲಿದ್ದ ಕಾರಿನ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ಹಿಂದೆ ನೋಡದೆ ಗೇಟು ದಾಟಿ ಬಸ್ ಸ್ಟಾಪಿನ ಕಡೆ ನಡೆದಳು. ಪಾಲಿಶ್ ಎರಡು ಸಲ ಕರೆದ. ಎರಡನೆಯ ಸಲ ಅವನ ದನಿ ಒಡೆದುಹೋಗಿತ್ತು. ಅತ್ತೆ ಅದನ್ನೂ ನಿಂತು ಪೂರ್ತಿ ಕೇಳಿಸಿಕೊಂಡಳು. ಮರುಕ ಬರಬಹುದೇನೋ ಎಂದು ಒಂದು ಕ್ಷಣ ಕಾದು ನೋಡಿದಳು. ಬರಲಿಲ್ಲ.

ಸಂಜೆ ಗಂಡ ಡಿಪೋದಿಂದ ಬಂದು ಊಟಕ್ಕೆ ಕೂತ. ಬಡಿಸುತ್ತಾ ಅವಳು ಎಲ್ಲವನ್ನೂ ಹೇಳಿದಳು. ಈಗ ಮತ್ತೆ ಬಿಟ್ಟಾಕು ಎನ್ನುತ್ತಾನೆ, ಪಾಪ ಆ ಹುಡುಗಿ ಎನ್ನುತ್ತಾನೆ, ಹಾಗೇನಾದರೂ ಅಂದರೆ ಇವತ್ತು ಇವನನ್ನೂ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡೇ ಹೇಳಿದಳು. ಅವನು ತಲೆ ತಗ್ಗಿಸಿ ಊಟ ಮಾಡುತ್ತಲೇ ಇದ್ದ. ಕೊನೆಗೆ ಕೇಳಿದ:

"ಅವನ ಬಾಯಲ್ಲೇ ಅಂದ್ನಾ?"

"ಅವನ ಬಾಯಲ್ಲೇ. ಮಗಳ ಎದುರಿಗೆ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಇದ್ದ ಒಂದೇ ಕಣ್ಣನ್ನು ಅವಳ ಮುಖದ ಮೇಲೆ ನೆಟ್ಟ.

"ಮೊದಲಿಂದ ಹೇಳು," ಎಂದ. "ನಿಧಾನವಾಗಿ ಹೇಳು. ಗೊತ್ತಿತ್ತು ಅನ್ನೋವಾಗ ಅವನ ಮುಖ ಹೇಗಿತ್ತು?"