ಕೌಂಟರಿನಲ್ಲಿ ಕೊಟ್ಟುಹೋದ ಕಾಗದ

ನಮ್ಮ ಡಾಕ್ಟರರಿಗೆ ರೋಗಿಗಳನ್ನು ಹೆದರಿಸಲು ಬರುತ್ತಿರಲಿಲ್ಲ. ಹೆದರಿಕೆಯ ಮಾತೇನಿದ್ದರೂ ಅದು ಕಾಗದಕ್ಕೆ, ರೋಗಿಗೆ ಬರೀ ನಗು. ಆ ಕಾಗದಗಳನ್ನು ಟೈಪ್ ಮಾಡುತ್ತಿದ್ದವಳು ನಾನು. ಹಾಗಾಗಿ ತೊಂಬತ್ತರ ದಶಕದ ಕುವೈತಿನಲ್ಲಿ, ಎರಡು ಕೋಣೆಯ ಆ ಸಣ್ಣ ಕ್ಲಿನಿಕ್ಕಿನಲ್ಲಿ, ಎದುರಿಗೆ ಕುಳಿತವರ ದೇಹದ ಸುದ್ದಿ ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಅದು ಹೆಮ್ಮೆಪಡುವ ವಿಷಯವಲ್ಲ. ಆಗ ಮಾತ್ರ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಹೆಚ್ಚಿನ ಕಾಗದಗಳು ಮಂಗಳೂರಿನ ಒಬ್ಬ ಸರ್ಜನರಿಗೆ ಹೋಗುತ್ತಿದ್ದವು. ಇವರಿಬ್ಬರೂ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದು ಓದಿದವರು. ಅಂಚೆಗೆ ಹಾಕಿದರೆ ಹತ್ತು ಹನ್ನೆರಡು ದಿನ ಹಿಡಿಯುತ್ತಿತ್ತು. ರಜೆಗೆ ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟರೆ ಎರಡೇ ದಿನ. ಸರ್ಜನರ ಉತ್ತರವೂ ರಜೆ ಮುಗಿಸಿ ಬರುವ ಯಾರದೋ ಬ್ಯಾಗಿನಲ್ಲಿ, ಉಪ್ಪಿನಕಾಯಿಯ ವಾಸನೆ ಹತ್ತಿಸಿಕೊಂಡು ಬರುತ್ತಿತ್ತು. 'ಇವನ ಹೃದಯಕ್ಕೆ ಏನೂ ಆಗಿಲ್ಲ. ಎರಡು ವರ್ಷದಿಂದ ಮಗುವನ್ನು ನೋಡಿರಲಿಲ್ಲ, ಅಷ್ಟೇ. ಈಗ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆ' ಎಂದು ಒಮ್ಮೆ ಬರೆದಿದ್ದರು. ನಮ್ಮ ಡಾಕ್ಟರು ಅದನ್ನು ಓದಿ, ತಮ್ಮ ಅಂದಾಜು ತಪ್ಪಿತೆಂದು ದಿನವಿಡೀ ಖುಷಿಯಲ್ಲಿದ್ದರು.

ಒಂದು ದಿನ, ಸಬ್ಹಾನ್ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಕೆಲಸ ಮಾಡುವ, ಎರಡು ವರ್ಷದಿಂದ ನಮ್ಮಲ್ಲಿಗೇ ಬರುತ್ತಿದ್ದ, ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರೊಬ್ಬರು ಕೆಮ್ಮೆಂದು ಬಂದರು. ನಲವತ್ತು ದಾಟಿದ, ಮೆತ್ತಗಿನ ಮನುಷ್ಯ. ಮರುದಿನವೇ ಅವರಿಗೆ ರಜೆಯ ವಿಮಾನ. ಕೆಮ್ಮು ನೋಡಲು ಹೋದ ಡಾಕ್ಟರರ ಬೆರಳಿಗೆ ಕುತ್ತಿಗೆಯಲ್ಲೊಂದು ಗಂಟು ಸಿಕ್ಕಿತು. ಒತ್ತಿದರೂ ನೋವಿಲ್ಲ, ಕಲ್ಲಿನ ಹಾಗೆ ಗಟ್ಟಿ. ಡಾಕ್ಟರು ಎಂದಿನಂತೆ ನಕ್ಕರು. ಕೆಮ್ಮಿಗೆ ಮಾತ್ರೆ ಬರೆದರು. "ಊರಿಗೆ ಹೋಗ್ತಿದ್ದೀರಲ್ಲ, ಮಂಗಳೂರಿನಲ್ಲಿ ನನ್ನ ಸ್ನೇಹಿತರೊಬ್ಬರು ಡಾಕ್ಟರ್ ಇದ್ದಾರೆ. ಒಂದು ಕಾಗದ ಕೊಡ್ತೇನೆ, ತಗೊಂಡು ಹೋಗಿ" ಎಂದರು. ಅಷ್ಟೇ.

ನನಗೆ ಹೇಳಿ ಬರೆಸಿದ್ದು ಬೇರೆ. ಥೈರಾಯ್ಡಿನ ಎಡಭಾಗದಲ್ಲಿ ಗಂಟು, ಲಕ್ಷಣ ಒಳ್ಳೆಯದಿಲ್ಲ, ಈ ರಜೆಯಲ್ಲೇ ತೆಗೆಯಬೇಕು, ತಡಮಾಡಿದರೆ ಕೈಮೀರಬಹುದು. ಕೊನೆಯ ಸಾಲು: 'ರೋಗಿಗೆ ನಾನು ಏನೂ ಹೇಳಿಲ್ಲ, ನೀನೇ ಮೆತ್ತಗೆ ಹೇಳು.'

ಲಕೋಟೆ ಅಂಟಿಸಿದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಊರಿಗೆ ಹೋಗುವವರು ಕಣ್ಣಿಗೆ ಬಿದ್ದರೆ ಸುಮ್ಮನಿರುವ ಜಾತಿ ನಮ್ಮದಲ್ಲ. ಮೇಜಿನ ಕೆಳಗೆ ಅಮ್ಮನಿಗೆಂದು ಕಟ್ಟಿಟ್ಟ ಪೊಟ್ಟಣವೊಂದಿತ್ತು. ಖರ್ಜೂರ, ಹಾಲುಪುಡಿಯ ಡಬ್ಬಿ, ಮಂಡಿಗೆ ಹಚ್ಚುವ ಮುಲಾಮು. ಎರಡನ್ನೂ ಒಟ್ಟಿಗೆ ಅವರ ಕೈಗಿಟ್ಟು, "ಭಾಯಿ, ಈ ಕಾಗದ ಡಾಕ್ಟರಿಗೆ, ಈ ಪೊಟ್ಟಣ ನನ್ನ ಅಮ್ಮನಿಗೆ" ಎಂದೆ. ವಿಳಾಸ ಎರಡರ ಮೇಲೂ ಇತ್ತು.

"ಎರಡೂ ತಲುಪ್ತದೆ ಸಿಸ್ಟರ್, ನಿಮಗೆ ಟೆನ್ಶನ್ ಬೇಡ" ಎಂದರು ಅವರು.

ಎರಡೂ ತಲುಪಿದವು. ಮೂರು ವಾರದ ಮೇಲೆ ಸರ್ಜನರ ಉತ್ತರ ಬಂತು. 'ನಿನ್ನ ಕಾಗದ ಸುರಕ್ಷಿತವಾಗಿ ತಲುಪಿದೆ. ತಂದವರು ಕೌಂಟರಿನಲ್ಲಿ ಕೊಟ್ಟು, ಡಾಕ್ಟರಿಗೆ ಸಲಾಂ ಹೇಳಿ ಎಂದು ಹೋದರಂತೆ. ರೋಗಿ ಇನ್ನೂ ಬಂದಿಲ್ಲ. ಯಾವಾಗ ಬರುತ್ತಾನೆ?'

ಡಾಕ್ಟರು ಅದನ್ನು ಎರಡು ಸಲ ಓದಿದರು. ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಕುವೈತಿನಿಂದ ಊರಿಗೆ ಹೋಗುವವರು ಒಂದಲ್ಲ ಒಂದು ಕಾಗದ ಒಯ್ಯದೆ ಹೋದದ್ದುಂಟೇ? ತಮ್ಮ ರೂಮಿನವರದ್ದು, ಕಂಪನಿಯವರದ್ದು, ಹೆಸರೇ ಗೊತ್ತಿಲ್ಲದವರದ್ದು. ಡಾಕ್ಟರೂ ಹಾಗೆಯೇ ತಮ್ಮ ಸ್ನೇಹಿತನಿಗೊಂದು ಕಾಗದ ಕೊಟ್ಟಿದ್ದಾರೆ ಎಂದು ಅವರು ತಿಳಿದಿದ್ದರು. ಜೊತೆಗೆ ನನ್ನ ಖರ್ಜೂರದ ಪೊಟ್ಟಣ ಬೇರೆ. ತಮ್ಮ ಕುತ್ತಿಗೆಯ ಸುದ್ದಿಯನ್ನು ತಾವೇ ಹೊತ್ತುಕೊಂಡು ಹೋಗಿ, ಬೇರೆಯವರ ಸಾಮಾನಿನಂತೆ ಒಪ್ಪಿಸಿ, ಬಂದ ದಾರಿ ಹಿಡಿದಿದ್ದರು.

ಫೈಲು ತೆಗೆದು ನೋಡಿದೆ. ಅದರಲ್ಲಿದ್ದದ್ದು ಸಬ್ಹಾನಿನ ಕಂಪನಿಯ ವಿಳಾಸ ಮಾತ್ರ. ಕಂಪನಿಗೆ ಫೋನು ಮಾಡಿದರೆ, ಕ್ಲಿನಿಕ್ಕಿನವರು ಯಾಕೆ ಹುಡುಕುತ್ತಿದ್ದಾರೆಂದು ಕೇಳದೆ ಇರುತ್ತಾರೆಯೇ? ಗಂಟಿನ ಸುದ್ದಿ ಕಫೀಲನ, ಅಂದರೆ ವೀಸಾ ಕೊಟ್ಟ ಮಾಲೀಕನ, ಕಿವಿಗೆ ಬಿದ್ದರೆ ಇಕಾಮಾ ಎಂಬ ವಾಸದ ಪರವಾನಗಿ ರದ್ದು, ಕೆಲಸ ಖಲಾಸ್. ಹೇಳದಿದ್ದರೆ ಮನುಷ್ಯನೇ ಉಳಿಯುವುದಿಲ್ಲ. ರಜೆ ಒಟ್ಟು ನಲವತ್ತೈದು ದಿನ, ಅದರಲ್ಲಿ ಅರ್ಧ ಆಗಲೇ ಕಳೆದಿತ್ತು. ಡಾಕ್ಟರು ತಲೆ ಹಿಡಿದು ಕುಳಿತರು. ನನಗೆ ಅವರ ಮೇಲೆ ಸಿಟ್ಟು ಬಂತು, ಆ ಹಾಳು ನಗುವಿನ ಮೇಲೆ. ಆಮೇಲೆ ಕಾಗದವನ್ನೂ ಪೊಟ್ಟಣವನ್ನೂ ಒಟ್ಟಿಗೆ ಹಿಡಿದುಕೊಂಡ ನನ್ನ ಕೈ ನೆನಪಾಯಿತು.

ಪೊಟ್ಟಣ ನೆನಪಾದದ್ದೇ ಉಪಕಾರವಾಯಿತು. ಊರಿನಲ್ಲಿ ಪಕ್ಕದ ಮನೆಗೆ ಫೋನು ಮಾಡಿ ಅಮ್ಮನನ್ನು ಕರೆಸಿದೆ. ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ. ಅಮ್ಮನ ಮಾತು ಹೆಚ್ಚುಕಡಿಮೆ ಹೀಗಿತ್ತು.

"ಆ ಬ್ಯಾರಿಯಾ? ಬಂದಿದ್ದರಲ್ಲ. ನಾನು ಚಾ ಕುಡಿಸದೆ ಕಳಿಸ್ತೇನಾ? ಮನೆ ಬಿ.ಸಿ. ರೋಡ್ ಪೇಟೆಯ ಆಚೆ, ಮಸೀದಿಯ ಹಿಂದೆ ಹಂಚಿನ ಮಿಲ್ಲಿನ ಗೋಡೆ ಉಂಟಲ್ಲ, ಅಲ್ಲಿಂದ ಮೂರನೆಯದ್ದು. ದೊಡ್ಡ ಮಗಳಿಗೆ ಗಂಡು ನೋಡ್ತಿದ್ದಾರೆ. ಹೆಂಡತಿಗೆ ನನ್ನ ಹಾಗೆ ಮಂಡಿನೋವು, ಅರ್ಧ ಮುಲಾಮು ಕೊಟ್ಟು ಕಳಿಸಿದೆ."

ಎರಡು ವರ್ಷದಿಂದ ಬಂದುಹೋಗುತ್ತಿದ್ದ ಆ ಮನುಷ್ಯನ ಬಗ್ಗೆ ನಮ್ಮ ಫೈಲಿನಲ್ಲಿ ಇಷ್ಟರ ಕಾಲುಭಾಗವೂ ಇರಲಿಲ್ಲ. ಡಾಕ್ಟರರ ಅಪ್ಪಣೆ ಕೇಳದೆ ಅಮ್ಮನಿಗೆ ವಿಷಯ ಹೇಳಿದೆ. ರೋಗಿಯ ಗುಟ್ಟು ಹೊರಗೆ ಬಿಡಬಾರದೆಂಬುದು ನನಗೆ ಗೊತ್ತಿತ್ತು. ಆ ದಿನ ಗೊತ್ತಿದ್ದೂ ಬಿಟ್ಟೆ.

"ನಾನು ನೋಡಿದೆ" ಎಂದಳು ಅಮ್ಮ. "ಚಾ ನುಂಗುವಾಗ ಪ್ರತಿ ಸಲ ಕುತ್ತಿಗೆ ಓರೆ ಮಾಡ್ತಿದ್ದರು. ಕೇಳುವಾ ಅಂತ ಇದ್ದೆ, ಮರ್ಯಾದೆ ಅಲ್ಲ ಅಂತ ಬಿಟ್ಟೆ. ನಾಳೆ ಮೊದಲ ಬಸ್ಸಿಗೆ ಹೋಗ್ತೇನೆ."

ಹೋದಳು. ಅತ್ತಿಗೆ ಜೊತೆಗೆ ಬರುತ್ತೇನೆಂದರೂ ಬೇಡವೆಂದು ಒಬ್ಬಳೇ ಹೋದಳಂತೆ. ಅಲ್ಲಿ ಏನು ಹೇಳಿದಳೋ, ಹೇಗೆ ಹೇಳಿದಳೋ, ನಾನು ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು ಸರ್ಜನರ ಎದುರು ಕೂತಿದ್ದಳು ಎಂಬುದಷ್ಟು ಸರ್ಜನರ ಮುಂದಿನ ಕಾಗದದಿಂದ ತಿಳಿಯಿತು. 'ನಿನ್ನ ರೋಗಿ ಸಿಕ್ಕಿದ. ಕರೆತಂದ ಹೆಂಗಸು ನುಂಗುವ ತೊಂದರೆಯನ್ನು ನನಗೆ ಅಭಿನಯಿಸಿ ತೋರಿಸಿದರು. ಅದು ನಿನ್ನ ಕಾಗದದಲ್ಲಿ ಇರಲಿಲ್ಲ. ಮುಂದೆ ನಿನಗೆ ಯಾವುದಾದರೂ ಅನುಮಾನವಿದ್ದರೆ ನನಗಿಂತ ಮೊದಲು ಅವರಿಗೆ ಬರೆ.' ನಮ್ಮ ಡಾಕ್ಟರು ಆ ಸಾಲನ್ನು ನನಗೇ ಓದಿ ಹೇಳಿದರು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ಅದನ್ನು ಪಕ್ಕದ ಮನೆಯವರಿಗೆಲ್ಲ ಹೇಳಿ ಮುಗಿಸಲು ಒಂದು ತಿಂಗಳು ಬೇಕಾಯಿತು.

ಗಂಟು ಕೆಟ್ಟದ್ದೇ ಆಗಿತ್ತು. ಆದರೆ ಹರಡಿರಲಿಲ್ಲ. ಮನೆಯ ಕೆಲಸವೆಂದು ಹೇಳಿ ರಜೆ ಮುಂದುವರಿಸಿಕೊಂಡು, ಮೂರೂವರೆ ತಿಂಗಳ ಮೇಲೆ ಅವರು ಮರಳಿ ಬಂದರು. ಒಂದು ಗುರುವಾರ ನಾನು ತಲೆಯೆತ್ತಿದರೆ ಕೌಂಟರಿನ ಎದುರು ನಿಂತಿದ್ದಾರೆ. ಅಂಗಿಯ ಗುಂಡಿಯನ್ನು ಕಾಲರಿನವರೆಗೂ ಹಾಕಿದ್ದರು, ದನಿ ಸ್ವಲ್ಪ ಒಡೆದಿತ್ತು. ಕೈಯಲ್ಲಿ ಸರ್ಜನರ ಲಕೋಟೆ. ತೆಗೆದುಕೊಳ್ಳಲು ಕೈ ಚಾಚಿದೆ.

"ಇಲ್ಲಿ ಕೊಡುವುದಿಲ್ಲ" ಎಂದರು. "ಡಾಕ್ಟರು ಓದಬೇಕು. ನನ್ನ ಎದುರಿಗೇ ಓದಬೇಕು. ನನ್ನ ವಿಷಯ ಅಲ್ವಾ ಸಿಸ್ಟರ್?"

ಒಳಗೆ ಡಾಕ್ಟರು ಕಾಗದವನ್ನು ಒಂದೊಂದೇ ಸಾಲು ತುಳುವಿನಲ್ಲಿ ಬಿಡಿಸಿ ಹೇಳಿದರು. ಎಷ್ಟು ತೆಗೆದದ್ದು, ದಿನವೂ ಯಾವ ಮಾತ್ರೆ, ಮತ್ತೆ ಯಾವಾಗ ಪರೀಕ್ಷೆ. ನಗಲಿಲ್ಲ. ಬ್ಯಾರಿ ಮಧ್ಯೆ ಮಧ್ಯೆ ತಡೆದು ಪ್ರಶ್ನೆ ಕೇಳಿದರು. ಅಂದಿನಿಂದ ನಮ್ಮ ಕ್ಲಿನಿಕ್ಕಿನಲ್ಲಿ, ಯಾರ ವಿಷಯವೋ ಅವರಿಗೆ ಓದಿ ಹೇಳದೆ ಯಾವ ಲಕೋಟೆಯನ್ನೂ ಅಂಟಿಸಲಿಲ್ಲ. ಡಾಕ್ಟರರಿಗೆ ಅದು ಕಷ್ಟವಾಗುತ್ತಿತ್ತು, ಆದರೂ ಮಾಡುತ್ತಿದ್ದರು.

ಹೊರಗೆ ಬಂದವರು ನನ್ನ ಮೇಜಿನ ಮುಂದೆ ನಿಂತರು. "ಒಂದು ಕೇಳ್ತೇನೆ. ಆ ದಿನ ಕಾಗದದಲ್ಲಿ ಎಂತ ಉಂಟು ಅಂತ ನಿಮಗೆ ಗೊತ್ತಿತ್ತಾ?"

ಈ ಪ್ರಶ್ನೆ ಬರುತ್ತದೆಂದು ತಿಂಗಳುಗಟ್ಟಲೆ ಹೆದರಿದ್ದೆ. ಬೇಕಾದಷ್ಟು ಉತ್ತರ ಕಟ್ಟಿಟ್ಟಿದ್ದೆ.

"ಗೊತ್ತಿತ್ತು" ಎಂದೆ. "ಗೊತ್ತಿದ್ದೂ ನಿಮ್ಮ ಕೈಗೆ ಖರ್ಜೂರ ಕೊಟ್ಟು ಕಳಿಸಿದೆ. ನನ್ನದು ತಪ್ಪಾಯಿತು, ಭಾಯಿ."

ಅವರು ನನ್ನ ಮುಖವನ್ನೇ ನೋಡಿದರು. ಕಾಲರಿನ ಗುಂಡಿ ಬಿಚ್ಚಿ, ಹೊಲಿಗೆಯ ಗುರುತಿನ ಮೇಲೆ ಒಮ್ಮೆ ಬೆರಳಾಡಿಸಿದರು.

"ಬಾಯಮ್ಮ, ನಿಮ್ಮ ಅಮ್ಮ, ಆ ದಿನ ಬಂದು ಚಾ ಕೂಡ ಕುಡಿಯಲಿಲ್ಲ" ಎಂದರು. "ಹೊರಡು, ಬಸ್ಸು ಉಂಟು ಅಂತ ಅಷ್ಟೇ. ಸಿಸ್ಟರ್, ಕಾಗದ ಮಾತ್ರ ಕೊಟ್ಟಿದ್ದರೆ ನನ್ನನ್ನು ಹುಡುಕಿಕೊಂಡು ಯಾರು ಬರ್ತಿದ್ದರು? ಪೊಟ್ಟಣ ಕೊಟ್ಟದ್ದು ಒಳ್ಳೆಯದಾಯಿತು."

ಅಷ್ಟು ಹೇಳಿ, ಅಮ್ಮ ಕಳಿಸಿದ ಹಪ್ಪಳದ ಕಟ್ಟನ್ನು ಟೈಪ್‌ರೈಟರಿನ ಪಕ್ಕದಲ್ಲಿಟ್ಟು, ಸಬ್ಹಾನಿನ ಬಸ್ಸು ತಪ್ಪುತ್ತದೆಂದು ಹೊರಟುಹೋದರು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ನಾನು ಕೂತಲ್ಲಿಯೇ ಅತ್ತೆ.