ಬಂಗಡೆ ಸಾರಿನ ಮಾತ್ರೆ

ಹೆದ್ದಾರಿ ಇನ್ನೂ ಅಗಲವಾಗದ ಕಾಲ. ನಾನು ಕಾರವಾರದಿಂದ ದಿನಾ ಬಸ್ಸಿನಲ್ಲಿ ಅಂಕೋಲೆಗೆ ಬಂದು ಆಸ್ಪತ್ರೆಯಲ್ಲಿ ನರ್ಸಾಗಿ ತುರ್ತು ಕೋಣೆ ನೋಡಿಕೊಳ್ಳುತ್ತಿದ್ದೆ. ಕುಡಿತಕ್ಕೆ ಬಿದ್ದವರನ್ನು ನೋಡಿಕೊಳ್ಳುವ ಬಗ್ಗೆ ನನಗೆ ಬೇರೆ ತರಬೇತಿ ಆಗಿತ್ತು. ಹಾಗಾಗಿ ಕುಡಿದು ಬಿದ್ದವರೆಲ್ಲ ನನ್ನ ಪಾಲಿಗೆ. ವಾಂತಿ, ಬೈಗುಳ, ಹೆಂಡಂದಿರ ಅಳು, ಎಲ್ಲ ನೋಡಿ ನೋಡಿ ನನ್ನ ಚರ್ಮ ದಪ್ಪವಾಗಿದೆ ಅಂದುಕೊಂಡಿದ್ದೆ. ಎಂತ ದಪ್ಪವೋ ಏನೋ!

ಅವತ್ತು ಬೆಳಿಗ್ಗೆ ಚೀಟಿ ಮಾಡಿಸುವವರ ಸಾಲು ಇನ್ನೂ ಕರಗಿರಲಿಲ್ಲ, ಹತ್ತಿರದ ಮೀನುಗಾರರ ಊರು ಕೇಣಿಯಿಂದ ಒಂದು ಟೆಂಪೋ ಬಂತು. ದೋಣಿಯ ಜೊತೆಯವರು ಒಬ್ಬ ಮೀನುಗಾರನನ್ನು ಹೊತ್ತು ತಂದರು. ಮುಖ, ಕುತ್ತಿಗೆ, ಎದೆ ಎಲ್ಲ ಕೆಂಪು ಕೆಂಪು. ಉಸಿರಿಗೆ ಒದ್ದಾಟ, ವಾಂತಿ ನಿಲ್ಲದು. ನಾಡಿ ಓಡುತ್ತಿತ್ತು, ರಕ್ತದೊತ್ತಡ ಮಾತ್ರ ಪಾತಾಳಕ್ಕೆ. ಆ ದಿನ ಬಲೆಗೆ ಬಂಗಡೆ ಮೀನು ಭರ್ತಿ ಬಿದ್ದಿತ್ತಂತೆ. ದೋಣಿ ದಡಕ್ಕೆಳೆದ ಮೇಲೆ ಎಲ್ಲರೂ ಕೂತು ಒಂದೇ ಬಾಟಲಿಯಿಂದ ಕುಡಿದರಂತೆ. ಇವನು ಅಪರೂಪಕ್ಕೆ ಕುಡಿಯುವವ, ಖುಷಿಗೆ ಅಂತ ಒಂದು ಗ್ಲಾಸು ತಗೊಂಡನಂತೆ. ಕಳ್ಳಬಟ್ಟಿಯೇ ಇರಬೇಕು ಅಂತ ಹೊತ್ತು ತಂದವರು ತೀರ್ಮಾನ ಮಾಡಿಯಾಗಿತ್ತು. ಆದರೆ ಅದೇ ಬಾಟಲಿಯಿಂದ ಇವನಿಗಿಂತ ಜಾಸ್ತಿ ಇಳಿಸಿದ ಅವನ ಭಾವ, ಅಂದರೆ ತಂಗಿಯ ಗಂಡ, ನನ್ನೆದುರಿಗೇ ಗಟ್ಟಿಮುಟ್ಟಾಗಿ ನಿಂತಿದ್ದ.

ಡಾಕ್ಟರು ಆಕ್ಸಿಜನ್ ಹಚ್ಚಿಸಿ ಸಲೈನ್ ಓಡಿಸಿದರು. ಇದು ಬರೀ ಹೆಂಡದ ಕೆಲಸ ಅಲ್ಲ, ಯಾವುದೋ ಮಾತ್ರೆ ಹೊಟ್ಟೆಯಲ್ಲಿದೆ, ಮನೆಯವರನ್ನು ಕೇಳಿ ಬನ್ನಿ ಅಂದರು. ಅದು ಗೊತ್ತಾಗದೆ ಮುಂದಿನ ಔಷಧಕ್ಕೆ ಕೈಹಾಕುವಂತಿರಲಿಲ್ಲ. ಕಾರವಾರಕ್ಕೆ ಸಾಗಿಸೋಣ ಅಂದರೆ ಅವನು ಅಲ್ಲಿಯ ತನಕ ತಾಳುವ ಹಾಗಿರಲಿಲ್ಲ.

ಹೊರಗೆ ಅವನ ತಂಗಿ ಗೋಡೆಗೆ ಒರಗಿ ನಿಂತಿದ್ದಳು. ಪಕ್ಕದ ಮನೆಯ ಹೆಂಗಸೊಬ್ಬಳು ಅವಳ ಹೆಗಲು ಹಿಡಿದುಕೊಂಡಿದ್ದಳು. ನಿನ್ನಣ್ಣ ಏನಾದರೂ ಮಾತ್ರೆ ತಗೊಳ್ತಾನಾ ಅಂತ ಕೇಳಿದೆ. ಇಲ್ಲ ಅಂದಳು. ಕುಡಿತ ಬಿಡಿಸುವ ಮಾತ್ರೆ ಅಂತ ಕೇಳಿದ್ದೇ ತಡ, ಅವಳ ಮುಖ ಬಿಳಿಚಿಕೊಂಡಿತು. ಕಣ್ಣು ಗಂಡನ ಕಡೆ ಹೋಗಿ ಹೋಗಿ ಬರುತ್ತಿತ್ತು. ನೀನು ಸ್ವಲ್ಪ ಆಚೆ ಹೋಗು ಮಾರಾಯ ಅಂದರೆ ಅಂವ ಕದಲಲಿಲ್ಲ. ನನಗೋ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ.

"ನೋಡು ತಂಗಿ, ಒಳಗೆ ನಿನ್ನ ಅಣ್ಣ ಸಾಯ್ತಾ ಇದ್ದಾನೆ. ಮಾನ ಮರ್ಯಾದೆ ಆಮೇಲೆ ನೋಡುವಾ," ಎಂದು ಗದರಿದೆ.

"ನಾನು ಹಾಕಿದ್ದು ಇವರಿಗೆ, ಸಿಸ್ಟರ್. ಬುತ್ತಿಯ ಸಾರಿನಲ್ಲಿ," ಅಂದಳು. "ಅಣ್ಣನ ಹೊಟ್ಟೆಗೆ ಹೆಂಗೆ ಹೋಯ್ತು?"

ಯಾವುದೋ ಅಂಗಡಿಯಲ್ಲಿ ಚೀಟಿ ಇಲ್ಲದೇ ಕೊಟ್ಟಿದ್ದರಂತೆ. ಪುಡಿ ಮಾಡಿ ಬಂಗಡೆ ಸಾರಿಗೆ ಹಾಕಿದರೆ ರುಚಿ ಗೊತ್ತಾಗುವುದಿಲ್ಲ ಅಂದಿದ್ದರಂತೆ. ದಿನಾ ಹಾಕಿದರೂ ಗಂಡ ದಿನಾ ಕುಡಿದೇ ಬರುತ್ತಿದ್ದ, ಏನೂ ಆಗುತ್ತಿರಲಿಲ್ಲ. ಮಾತ್ರೆಗೆ ಜೋರಿಲ್ಲ ಅಂದುಕೊಂಡು ಎರಡು ಪಟ್ಟು ಮಾಡಿದ್ದಳು. ಆ ಮಾತ್ರೆ ಮೈಯಲ್ಲಿದ್ದಾಗ ಒಂದು ಗ್ಲಾಸು ಹೆಂಡ ಬಿದ್ದರೂ ಜೀವಕ್ಕೆ ಸಂಚಕಾರ. ಒಳಗೆ ಓಡಿ ಡಾಕ್ಟರಿಗೆ ಹೇಳಿ ಬಂದೆ.

ಗಂಡ ಹೊಡೆದೇ ಬಿಡುತ್ತಾನೆ ಅಂತ ಇಬ್ಬರ ನಡುವೆ ನಿಂತೆ. ಅಂವ ಕೈ ಎತ್ತಲಿಲ್ಲ, ಮೆಟ್ಟಿಲ ಮೇಲೆ ಕುಸಿದು ಕೂತ.

"ನಿನ್ನ ಸಾರು ನಾನು ತಿಂದೇ ಇಲ್ಲ, ಮಾರಾಯ್ತಿ. ಅವನಿಗೇ ಕೊಡ್ತಿದ್ದೆ."

ಅಣ್ಣನ ಹೆಂಡತಿ ತೀರಿಕೊಂಡಿದ್ದಳು. ತಂಗಿ ಎಷ್ಟು ಕರೆದರೂ, ಹೆಣ್ಣು ಕೊಟ್ಟ ಮನೆಯಲ್ಲಿ ದಿನಾ ಕೂತು ಉಣ್ಣುವುದು ಶೋಭೆಯಲ್ಲ ಅಂತ ಅವನು ಹೊಸ್ತಿಲು ತುಳಿಯುತ್ತಿರಲಿಲ್ಲ. ತಣ್ಣನೆ ಗಂಜಿ ಕಟ್ಟಿಕೊಂಡು ದೋಣಿ ಹತ್ತುತ್ತಿದ್ದ. ದೋಣಿಯಲ್ಲಿ ಯಾರ ಬುತ್ತಿ ಯಾರದು ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಭಾವ ದಡ ಬಿಟ್ಟ ಮೇಲೆ ಡಬ್ಬಿ ಅದಲುಬದಲು ಮಾಡಿ ತಾನು ಗಂಜಿ ಉಣ್ಣುತ್ತಿದ್ದ. ಮನೆಯಲ್ಲಿ ಹೇಳಿದರೆ ಅಣ್ಣನಿಗೆ ಅವಮಾನ ಅಂತ ಹೇಳಿರಲಿಲ್ಲ. ಕುಡುಕ ಅಂತ ಊರೆಲ್ಲ ಆಡಿಕೊಳ್ಳುವ ಮನುಷ್ಯ! ಅವಳ ಮೇಲೆ ಸಿಟ್ಟು ಮಾಡಲೋ, ಇವನನ್ನು ನೋಡಿ ಅಯ್ಯೋ ಅನ್ನಲೋ, ನನಗೆ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಣ್ಣನ ಒತ್ತಡ ಮೇಲೆ ಬಂತು, ಕೆಂಪು ಇಳಿಯಿತು. ಜೀವ ಉಳಿಯಿತು. ತಂಗಿ ಅವನ ಕಾಲು ಹಿಡಿದುಕೊಂಡು ಕೂತವಳು ಏಳಲೇ ಇಲ್ಲ. ನಾನು ಅವಳಿಗೂ ಗಂಡನಿಗೂ, ಸುತ್ತ ನಿಂತ ಕೇಣಿಯ ಹೆಂಗಸರಿಗೂ ಬಿಡಿಸಿ ಹೇಳಿದೆ. ಕದ್ದು ಕೊಟ್ಟರೆ ಇದು ಔಷಧ ಅಲ್ಲ, ವಿಷ. ಕುಡಿಯುವವನೇ ಒಪ್ಪಿ, ಗುಂಡಿಗೆ, ಲಿವರ್ ಎಲ್ಲ ತಪಾಸಣೆ ಮಾಡಿಸಿಕೊಂಡು, ಗೊತ್ತಿದ್ದೇ ನುಂಗಬೇಕು. ಗಂಡಸರನ್ನು ನನ್ನ ಹತ್ತಿರ ಕರೆತನ್ನಿ, ನಾನು ಮಾತಾಡ್ತೇನೆ ಅಂದೆ. ಎಲ್ಲರೂ ತಲೆ ಆಡಿಸಿದರು.

ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದೆ. ಪಕ್ಕದ ಮನೆಯ ಆ ಹೆಂಗಸು ಹಿಂದೆಯೇ ಬಂದಳು. ಬೆಳಗಿನಿಂದ ಎಲ್ಲವನ್ನೂ ಕಣ್ಣಾರೆ ಕಂಡವಳು. ಆ ಮಾತ್ರೆ ಯಾವ ಅಂಗಡಿಯದ್ದು ಅಂತ ಮೆಲ್ಲಗೆ ಕೇಳಿದಳು. ಅಂಗಡಿಯವನಿಗೆ ಬೈದು ಬರುತ್ತಾಳೇನೋ ಅಂದುಕೊಂಡೆ. ಅವಳು ಸೆರಗು ಸರಿಸಿ ತೋಳು ತೋರಿಸಿದಳು. ಹೊಡೆತದ ಬಾಸುಂಡೆ ಇನ್ನೂ ಹಸಿಯಾಗಿತ್ತು.

"ನಮ್ಮನೆಯವರು ಅವರ ಬುತ್ತಿ ಯಾರಿಗೂ ಕೊಡೂದಿಲ್ಲ, ಸಿಸ್ಟರ್," ಅಂದಳು.