ಮುತ್ಯಾನ ಬದುವಿನಲ್ಲಿ ನಾನು ಕೊರೆದ ಶಾರ್ಟ್‌ಕಟ್

ಇಪ್ಪತ್ತೆರಡು ಟ್ರಾಲಿ ಮಣ್ಣನ್ನು ಒಂದು ಹನಿ ಡೀಸೆಲ್ ಸುಡದೆ ಒಂದೇ ಮಧ್ಯಾಹ್ನ ಹೊಲದಿಂದ ಕೆರೆಗೆ ಸಾಗಿಸಿದ ಹದಿನಾರರ ಹುಡುಗಿಯನ್ನು ನೀವು ನೋಡಿದ್ದೀರಾ? ನೋಡಿಲ್ಲವಾದರೆ ನಮ್ಮೂರು ಗುಂಜೋಟಿಗೆ ಬನ್ನಿ. ರೆಕಾರ್ಡ್ ಸದ್ಯಕ್ಕೆ ನನ್ನ ಹೆಸರಲ್ಲೇ ಇದೆ. (ಪಕ್ಕಾ ಕೇಳಿದರೆ ಹದಿನೆಂಟು ಟ್ರಾಲಿ. ಉಳಿದ ನಾಲ್ಕು ನನ್ನ ಕಾಣಿಕೆ.)

ತೊಂದರೆ ಇಷ್ಟೇ. ಅದು ಕೆರೆಯಿಂದಲೇ ಹೊತ್ತು ತಂದ ಮಣ್ಣು.

ಸತತ ಬರ. ನಾವು ನೆಂಟರಿಗಿಂತ ಹೆಚ್ಚು ಟ್ಯಾಂಕರಿನ ದಾರಿ ಕಾಯುತ್ತಿದ್ದೆವು. ಊರ ಕೆರೆ ಬತ್ತಿ ತಳದ ಕಪ್ಪು ಹೂಳು ಮೇಲೆ ಕಂಡಿತ್ತು. ನಮ್ಮ ಕಡೆ ಅದಕ್ಕೆ ಗಾಳ ಅಂತಾರೆ. ಎಲ್ಲರ ಹೊಲದಿಂದ ವರ್ಷಾನುಗಟ್ಟಲೆ ಕೊಚ್ಚಿಹೋಗಿ ಅಲ್ಲಿ ಕೂತ ಮಣ್ಣೇ ಅದು. ಬರ ಕೊಟ್ಟ ಏಕೈಕ ಗಿಫ್ಟ್! ಊರಿಗೆ ಊರೇ ತೋಡಿಕೊಂಡು ಹೋಗುತ್ತಿತ್ತು.

ನಮ್ಮ ಮುತ್ಯಾಗೂ (ಅಪ್ಪನ ಅಪ್ಪ, ವಯಸ್ಸು ಎಂಬತ್ತೊಂದು, ಹಣೆ ತುಂಬ ವಿಭೂತಿ) ಗಾಳ ಬೇಕಿತ್ತು. ನಮ್ಮ ಮೇಲಿನ ಹೊಲ ಇಳಿಜಾರು. ಮೇಲ್ಮಣ್ಣು ಹೋಗಿ ಅಡಿಯ ಗರಸುಕಲ್ಲು ಹಲ್ಲು ಕಿರಿದು ಕೂತಿದೆ. ಅಲ್ಲಿ ಇನ್ನೊಮ್ಮೆ ಜೋಳ ತಲೆಮಟ್ಟ ಬೆಳೆದದ್ದನ್ನು ನೋಡಬೇಕು. ಮುತ್ಯಾಗೆ ಇರುವ ಆಸೆ ಅದೊಂದೇ.

ಆ ಇಳಿಜಾರಿನ ಕೆಳಗೆ ಒಂದು ಬದು. ಅದರ ತುಂಬ ಹುಲ್ಲು. ಮುತ್ಯಾ ಆ ಬದುವಿಗೆ ನೇಗಿಲು ತಾಗಲು ಬಿಡುವುದಿಲ್ಲ. ಮೇವಿಲ್ಲದೆ ದನ ಬಡಕಲಾದಾಗಲೂ ಕುಡುಗೋಲಿನಿಂದ ಮೇಲುಮೇಲೆ ಕೊಯ್ದರೇ ಹೊರತು ಬೇರು ಮುಟ್ಟಲಿಲ್ಲ. ನನ್ನ ಜಡೆಗೂ ನಮ್ಮ ಮನೆಯಲ್ಲಿ ಅಷ್ಟು ಮರ್ಯಾದೆ ಇಲ್ಲ.

ಮುತ್ಯಾ ತೊಟ್ಟಿಲ ಕಾರ್ಯಕ್ಕೆಂದು ಎರಡು ದಿನ ನಿಲಂಗಾದಲ್ಲಿರುವ ನನ್ನ ಸೋದರತ್ತೆ ಮನೆಗೆ ಹೋದರು. ಸೂಪರ್‌ವೈಸರ್ ಯಾರು? ನಾನು! ತಲೆಗೆ ಅಪ್ಪನ ಟೋಪಿ, ಬಗಲಲ್ಲಿ ನೋಟ್‌ಬುಕ್. ಟ್ರ್ಯಾಕ್ಟರಿನ ರಫೀಕ್ ಚಾಚಾ ಪ್ರತಿ ಸಲ ಬದು ಸುತ್ತಿ ಬರುತ್ತಿದ್ದರು. ಹನ್ನೊಂದನೇ ಕ್ಲಾಸಿನ ಸೈನ್ಸ್ ಮೆದುಳು ಸುಮ್ಮನಿದ್ದೀತೇ? ಬದುವನ್ನು ಟ್ರ್ಯಾಕ್ಟರಿನ ಅಗಲಕ್ಕೆ ಒಡೆದರೆ ಅರ್ಧ ದಾರಿ ಉಳಿತಾಯ ಅಂತ ಐಡಿಯಾ ಕೊಟ್ಟೆ.

"ಮುತ್ಯಾಗ ಕೇಳಿದಿ ಏನವಾ?" ಅಂದರು ಚಾಚಾ.

"ಮುತ್ಯಾಗ ನಾ ಹೇಳ್ತಿನಿ. ನೀವು ಒಡೀರಿ."

ಒಡೆದರು. ಸಂಜೆಯೊಳಗೆ ಹದಿನೆಂಟು ಟ್ರಾಲಿ ಗಾಳ ಹೊಲಕ್ಕೆ ಬಿತ್ತು. ಸಂದಿ ಮುಚ್ಚುವುದನ್ನು ನಾಳೆ ನೋಡೋಣ ಅಂದುಕೊಂಡೆ. ಮರುದಿನ ಮಧ್ಯಾಹ್ನ, ಅಷ್ಟು ದಿನ ಮುಖ ತೋರಿಸದ ಮಳೆ ನನ್ನ ಅಡ್ರೆಸ್ ಹುಡುಕಿಕೊಂಡು ಬಂತು.

ಓಡಿದೆ. ಕಲ್ಲು ಒಟ್ಟಿದೆ, ಗೋಣಿಚೀಲ ತುರುಕಿದೆ. ಕಡೆಗೆ ಸಂದಿಯಲ್ಲಿ ನಾನೇ ಕೂತುಬಿಟ್ಟೆ. ನಲವತ್ತೆರಡು ಕೆಜಿಯ ಚೆಕ್‌ಡ್ಯಾಮ್ ಎಷ್ಟು ಹೊತ್ತು ತಡೆದೀತು? ಗಾಳ ಹೊತ್ತ ಕಪ್ಪು ನೀರು ನನ್ನ ಎರಡೂ ಬಗಲಿಂದ ಹಾದು ಹಳ್ಳ ಸೇರಿತು, ಹಳ್ಳದಿಂದ ಕೆರೆಗೆ. ಊರೆಲ್ಲ ಮಳೆಯಲ್ಲಿ ಕುಣಿಯುತ್ತಿತ್ತು. ಅತ್ತವಳು ನಾನೊಬ್ಬಳೇ.

(ಬದು ಒಡೆದವಳೂ ನಾನೊಬ್ಬಳೇ ಏನು? ಒಂದು ಸಾಲು ಸೋಯಾ ಹೆಚ್ಚಿಗೆ ಬರಲಿ ಅಂತ ವರ್ಷಕ್ಕೆ ಒಂದು ಗೇಣು ಬದು ಕೆರೆಯುವವರು ಎಷ್ಟು ಜನ ಇಲ್ಲ? ಅವರ ಮಣ್ಣು ನಿಧಾನಕ್ಕೆ ಹೋಗುತ್ತದೆ, ನನ್ನದು ಎಕ್ಸ್‌ಪ್ರೆಸ್. ಫರಕು ಅಷ್ಟೇ.)

ಮುತ್ಯಾ ಬಂದರು, ನೋಡಿದರು. ಎರಡು ದಿನ ನನ್ನ ಜೊತೆ ಮಾತೇ ಇಲ್ಲ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆ, ನನಗೆ ಅದರ ಪ್ರಾಕ್ಟೀಸ್ ಇದೆ.

ನೆಲ ಒಣಗಿದ ಮೇಲೆ ಹೊಲಕ್ಕೆ ಕರೆದರು. ನೀರು ತುಂಬಿದ ಎರಡು ಗ್ಲಾಸು ಇಟ್ಟು, ಒಂದರಲ್ಲಿ ಉತ್ತ ಹೊಲದ ಹೆಂಟೆ, ಇನ್ನೊಂದರಲ್ಲಿ ಬದುವಿನ ಹೆಂಟೆ ಬಿಟ್ಟರು. ಹೊಲದ್ದು ಚಹಾದಲ್ಲಿ ಬಿದ್ದ ಬಿಸ್ಕೀಟಿನಂತೆ ಕರಗಿ ರಾಡಿಯಾಯಿತು. ಬದುವಿನದು ಮಡುವಿಗಿಳಿದ ಎಮ್ಮೆಯಂತೆ ಅಲ್ಲಾಡದೆ ಕೂತಿತ್ತು.

"ಬ್ಯಾರು ಹಿಡದಾವ, ನೋಡು," ಅಂದರು. "ವರ್ಷಾ ನೇಗಲಾ ಹೊಡದ ಮಣ್ಣಿಗಿ ಹಿಡಕೊಳ್ಳೋರು ಯಾರದಾರ?"

ಪ್ರಾಕ್ಟಿಕಲ್‌ನಲ್ಲಿ ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ತಪ್ಪಾಯಿತು ಅಂದೆ. ಮುತ್ಯಾ ಬದುವಿನ ಆ ತುದಿಯಿಂದ ಬೇರು ಸಮೇತ ಅಗೆದ ಹುಲ್ಲಿನ ಬುಡಗಳನ್ನು ತಂದು, ಸಂದಿಯಲ್ಲಿ ಹೊಸ ಮಣ್ಣು ಏರಿಸಿ, ಮೊಣಕಾಲೂರಿ ಒಂದೊಂದಾಗಿ ನೆಡತೊಡಗಿದರು. ನಾನೂ ಪಕ್ಕದಲ್ಲಿ ಕೂತೆ. ನನ್ನ ಅಂಗೈಯಲ್ಲಿ ಒಂದು ಬುಡ ಇಟ್ಟರು.

"ಇವು ಒಂದಕ್ಕೊಂದು ಬ್ಯಾರು ಹೆಣಿಲಾಕ ಮೂರು ಮಳಿಗಾಲ ಬೇಕು. ಆಮ್ಯಾಗ ಮತ್ತ ಗಾಳ ಹಾಕಮು. ಅಲ್ಲೀತನಕ ತಡಿತಿ ಏನವಾ?"

ತಲೆ ಆಡಿಸಿದೆ. ಮೂರು ಮಳೆಗಾಲ ಕಳೆದರೆ ನನಗೆ ಹತ್ತೊಂಬತ್ತು.

ಎಂಬತ್ತೊಂದರ ಮುತ್ಯಾಗೆ ಅದೇ ಪ್ರಶ್ನೆಯನ್ನು ತಿರುಗಿ ಕೇಳುವುದು ಹೇಗೆ?